ಬನಶಂಕರಿ ಸೀಮೆಯ ಎಣ್ಣೆಬಾಣಲೆ

ಮಲಪ್ರಭೆಯ ಎರೆನೆಲದಲ್ಲಿ ಎಣ್ಣೆಯಲ್ಲಿ ಕರಿದ ತಿನಿಸೆಂಬುದು ಬಹುಕಾಲದವರೆಗೆ ನಿತ್ಯದ ಆಹಾರವಾಗಿರಲಿಲ್ಲ. ಜೋಳದ ರೊಟ್ಟಿ, ಕಾಳಿನ ಪಲ್ಯ, ಹಿಂಡಿ, ಮಜ್ಜಿಗೆಗಳಲ್ಲಿಯೇ ವರ್ಷದ ಬಹುಭಾಗವನ್ನು ಕಳೆಯುತ್ತಿದ್ದ ಒಕ್ಕಲುತನದ ಮನೆಗಳಲ್ಲಿ ಬಾಣಲೆಯು ಒಲೆಯನ್ನೇರಿತೆಂದರೆ ಹಬ್ಬವೋ ಹುಣ್ಣಿಮೆಯೋ, ಮಗಳ ಕುಬುಸವೋ, ಬೀಗರ ಆಗಮನವೋ ಇದ್ದೇ ಇರಬೇಕೆಂದು ಓಣಿಗೆ ಓಣಿಯೇ ತಿಳಿದುಕೊಳ್ಳುತ್ತಿತ್ತು. ಇಂದು ಅದೇ ಸೀಮೆಯ ಪ್ರತಿಯೊಂದು ಬಸ್ ನಿಲ್ದಾಣದ ಎದುರಿಗೂ ಸಂಜೆಯಾದೊಡನೆ ಭಜಿಯ ಬಂಡಿಗಳು ನಿಲ್ಲುತ್ತವೆ. ಬನಶಂಕರಿಯ ಜಾತ್ರೆಯಲ್ಲಂತೂ ಹಗಲಿರುಳೆನ್ನದೆ ಕಡಾಯಿಗಳು ಕಾಯುತ್ತಿರುತ್ತವೆ. ಅಪರೂಪದ ಭೋಗವಾಗಿದ್ದುದು ಸರ್ವರ ಸಂಜೆಯ ತಿನಿಸಾಗಿ ಪರಿಣಮಿಸಿದ ಬಗೆಯನ್ನು ವಿಚಾರಿಸಿದರೆ, ಅದರೊಳಗೆ ಅರಮನೆಯ ಪಾಕಶಾಲೆ, ಗಾಣಿಗರ ಗಾಣ, ಪರದೇಶದ ಹಡಗು, ಬರಗಾಲ, ಉಗಿಬಂಡಿ ಎಲ್ಲವೂ ಸೇರಿಕೊಂಡಿರುವುದು ಕಂಡುಬರುತ್ತದೆ. ನನ್ನ ಎಣಿಕೆಯಲ್ಲಿ ಈ ಇತಿಹಾಸದ ಸೂತ್ರವು ಹಿಟ್ಟಿನಲ್ಲಿಯೂ ಇಲ್ಲ, ಒಳಗಿಡುವ ಕಾಯಿಯಲ್ಲಿಯೋ ಮಾಂಸದಲ್ಲಿಯೋ ಇಲ್ಲ. ಅದು ಎಣ್ಣೆಯ ಬೆಲೆಯಲ್ಲಿದೆ.

ಬಾದಾಮಿಯಿಂದ ಸುಮಾರು 5 ಕಿ.ಮೀ. ದೂರದಲ್ಲಿ, ಚೊಳಚಗುಡ್ಡದ ಬಳಿಯಲ್ಲಿ, ಹರಿದ್ರಾತೀರ್ಥವೆಂಬ ವಿಶಾಲವಾದ ಹೊಂಡದ ಎದುರಿಗೆ ನೆಲೆಸಿರುವ ಬನಶಂಕರಿಯು ಶಾಕಂಭರಿಯೆಂದು ಪ್ರಸಿದ್ಧಳು. ಬಹುವರ್ಷಗಳ ಅನಾವೃಷ್ಟಿಯಿಂದ ಲೋಕವು ಬೆಂದಾಗ ತನ್ನ ದೇಹದಿಂದಲೇ ಹುಟ್ಟಿದ ಶಾಕಗಳಿಂದ ಪ್ರಾಣಿಗಳನ್ನು ಸಲಹುವೆನೆಂದು ದೇವಿಯು ನುಡಿಯುವ ಪ್ರಸಂಗವು ದೇವೀಮಾಹಾತ್ಮ್ಯೆಯಲ್ಲಿ ಬರುತ್ತದೆ. ಬರದ ನಾಡಿಗೆ ಇಂಥ ಒಬ್ಬ ದೇವತೆಯು ತಾಯಿಯಾಗಿ ನಿಂತದ್ದು ಅತ್ಯಂತ ಸಹಜವಾದದ್ದು. ಚಾಲುಕ್ಯರ ಕಾಲದಿಂದಲೂ ಪೂಜೆಗೊಳ್ಳುತ್ತ ಬಂದ ಈ ಸ್ಥಾನದಲ್ಲಿ ಈಗ ಕಾಣುವ ಗುಡಿಯನ್ನು 1750ರಲ್ಲಿ ಪರಶುರಾಮ ಆಗಳೆ ಎಂಬ ಮರಾಠಾ ನಾಯಕನು ಕಟ್ಟಿಸಿದನೆಂದು ಹೇಳುವರು. ಪುಷ್ಯಮಾಸದ ಬನದ ಹುಣ್ಣಿಮೆಯಂದು ತೇರು. ಅದಕ್ಕೆ ಮುನ್ನ ಪಲ್ಲೇದ ಹಬ್ಬ. ಆ ಹಬ್ಬದಲ್ಲಿ ನೂರೆಂಟು ಬಗೆಯ ಕಾಯಿಪಲ್ಯಗಳನ್ನು ದೇವಿಗೆ ನೈವೇದ್ಯವಾಗಿ ಅರ್ಪಿಸುವ ಸಂಪ್ರದಾಯವಿದೆ. ಬರವನ್ನು ಬಲ್ಲ ಜನರು ತಮ್ಮ ಸಮೃದ್ಧಿಯನ್ನು ಹೀಗೆ ಒಂದೊಂದಾಗಿ ಎಣಿಸಿ ಇಡುವರು. ಆ ಎಣಿಕೆಯಲ್ಲಿ ಭಕ್ತಿಯೂ ಇದೆ, ಭಯವೂ ಇದೆ ಎಂದು ನನಗೆ ತೋರುತ್ತದೆ.

ಇಂಥ ನಾಡಿನಲ್ಲಿ ಎಣ್ಣೆಯು ಮೊದಲು ದೀಪಕ್ಕೆ ಮೀಸಲಾಗಿತ್ತು, ಆಮೇಲೆ ಬಾಣಲೆಗೆ. ಚಾಲುಕ್ಯರ ಕಾಲದ ಶಾಸನಗಳನ್ನು ಓದಿದವರಿಗೆ ತೆಲ್ಲಿಗರ ಹೆಸರು ಹೊಸದಲ್ಲ. ಗಾಣ ನಡೆಸುವ ಈ ಜನರು ಐವತ್ತೊಕ್ಕಲೆಂಬ ಸಂಘವಾಗಿ ನೆರೆದು, ಗಾಣವೊಂದಕ್ಕೆ ಇಷ್ಟು ಸೊಲ್ಲಗೆ ಎಣ್ಣೆಯೆಂದು ಗೊತ್ತುಮಾಡಿ, ದೇವರ ನಂದಾದೀವಿಗೆಗೆ ದತ್ತಿ ಬಿಡುತ್ತಿದ್ದರೆಂಬ ಸಂಗತಿಯು ಕನ್ನಡನಾಡಿನ ಅನೇಕ ಶಾಸನಗಳಲ್ಲಿ ಕೆತ್ತಲ್ಪಟ್ಟಿದೆ. ಒಂದು ಸೊಲ್ಲಗೆ ಎಣ್ಣೆಯ ದಾನವನ್ನು ಆಚಂದ್ರಾರ್ಕವಾಗಿ ಕಲ್ಲಿನ ಮೇಲೆ ಬರೆಯಿಸಬೇಕಾಗಿದ್ದ ಕಾಲದಲ್ಲಿ, ಸೇರುಗಟ್ಟಲೆ ಎಣ್ಣೆಯನ್ನು ಕಾಯಿಸಿ ಅದರಲ್ಲಿ ತಿನಿಸನ್ನು ಮುಳುಗಿಸಿ ತೆಗೆಯುವುದು ಯಾರಿಗೆ ಸಾಧ್ಯವಾಗಿದ್ದಿತು? ಅರಸರಿಗೆ, ದೇವಾಲಯಗಳಿಗೆ, ಸಿರಿವಂತ ಸೆಟ್ಟಿಗಳಿಗೆ. ಉಳಿದವರಿಗೆ ವರ್ಷದಲ್ಲಿ ಬೆರಳೆಣಿಕೆಯ ದಿನಗಳಂದು ಮಾತ್ರ.

ಅರಸರ ಪಾಕಶಾಲೆಯ ಚಿತ್ರವು ನಮಗೆ ಲಭ್ಯವಾಗಿರುವುದು ಒಂದು ಭಾಗ್ಯವೇ ಸರಿ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು 1126ರಿಂದ 1138ರವರೆಗೆ ಆಳಿದನು. ಸುಮಾರು 1129ರಲ್ಲಿ ಅವನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ, ನೂರು ಅಧ್ಯಾಯಗಳ ಬೃಹದ್ಗ್ರಂಥದಲ್ಲಿ ಅನ್ನಭೋಗವೆಂಬ ಭಾಗವೊಂದಿದೆ. ಇಂದಿನ ಇಡ್ಲಿ ದೋಸೆಗಳ ಪೂರ್ವರೂಪಗಳು, ಉದ್ದಿನ ಹಿಟ್ಟನ್ನು ಕರಿದು ಹಾಲಿನಲ್ಲಿ ನೆನೆಯಿಸುವ ವಟಕಗಳು, ಕಡಲೆಯ ಹಿಟ್ಟಿಗೆ ಇಂಗು ಮೆಣಸುಗಳನ್ನು ಬೆರೆಸಿ ಎಣ್ಣೆಯಲ್ಲಿ ಬೇಯಿಸುವ ಪೂರಿಕೆಗಳು, ಶೂಲಕ್ಕೆ ಚುಚ್ಚಿ ಕೆಂಡದ ಮೇಲೆ ಸುಡುವ ಮಾಂಸ ಇವೆಲ್ಲ ಅಲ್ಲಿ ವರ್ಣಿತವಾಗಿವೆ. ನನ್ನ ಕಣ್ಣು ವಿಶೇಷವಾಗಿ ನಿಂತದ್ದು ಮೀನಿನ ಒಂದು ಪಾಕದ ಮೇಲೆ. ಮೀನನ್ನು ತುಂಡು ಮಾಡಿ ತೊಳೆದು, ಹುಣಿಸೆಯ ರಸದಲ್ಲಿ ಬೇಯಿಸಿ, ಅನಂತರ ಆ ತುಂಡುಗಳ ಮೈತುಂಬ ಗೋದಿಯ ಹಿಟ್ಟನ್ನು ಧಾರಾಳವಾಗಿ ಉದುರಿಸಿ, ಕಾದ ಎಣ್ಣೆಯಲ್ಲಿ ಕಂದುಬಣ್ಣಕ್ಕೆ ತಿರುಗುವವರೆಗೆ ಕರಿದು, ಮೇಲೆ ಸೈಂಧವ ಲವಣ, ಏಲಕ್ಕಿ, ಮೆಣಸಿನ ಪುಡಿಗಳನ್ನು ಚಿಮುಕಿಸುವ ಕ್ರಮವು ಅಲ್ಲಿ ಹೇಳಲ್ಪಟ್ಟಿದೆ. ಒಮ್ಮೆ ಬೆಂದ ಮಾಂಸಕ್ಕೆ ಹಿಟ್ಟಿನ ಕವಚವನ್ನು ತೊಡಿಸಿ ಎರಡನೆಯ ಸಲ ಎಣ್ಣೆಯಲ್ಲಿ ಗರಿಗರಿಯಾಗಿಸುವ ಈ ಉಪಾಯವನ್ನು ಇಂದು ಜಗತ್ತಿನ ಯಾವ ಮೂಲೆಯ ಅಡಿಗೆಮನೆಯಲ್ಲಿ ಕಂಡರೂ, ಕನ್ನಡನಾಡಿನ ಅರಸನೊಬ್ಬನು ಅದನ್ನು ಒಂಬತ್ತು ಶತಮಾನಗಳ ಹಿಂದೆಯೇ ಗ್ರಂಥಸ್ಥಗೊಳಿಸಿದ್ದನೆಂಬುದನ್ನು ನಾವು ನೆನೆಯುವುದು ಯುಕ್ತ. ಹಿಟ್ಟಿನ ಹೊದಿಕೆಯು ಒಳಗಿನ ರಸವನ್ನು ಕಾಪಾಡುವುದು. ಹೊದಿಕೆಯ ನೀರಿನಂಶವು ಮಾತ್ರ ಆವಿಯಾಗಿ ಗುಳ್ಳೆಗುಳ್ಳೆಯಾಗಿ ಹೊರಬಿದ್ದು, ಅದು ತೆರವು ಮಾಡಿದ ಸಣ್ಣ ಸಣ್ಣ ರಂಧ್ರಗಳೇ ಗರಿಗೆ ಕಾರಣವಾಗುವುವು. ಅರಮನೆಯ ಬಾಣಸಿಗರು ಈ ಕಾರಣವನ್ನು ಬರೆದಿಡಲಿಲ್ಲ. ಅವರ ಕೈ ಅದನ್ನು ಬಲ್ಲುದಾಗಿತ್ತು.

ಸೋಮೇಶ್ವರನ ತರುವಾಯ ಸುಮಾರು ನಾಲ್ಕು ಶತಮಾನಗಳು ಕಳೆದ ಮೇಲೆ, 16ನೆಯ ಶತಮಾನದ ಆದಿಯಲ್ಲಿ, ಕಲ್ಲಹಳ್ಳಿಯ ಜೈನ ಕವಿ ಮೂರನೆಯ ಮಂಗರಸನು ಕನ್ನಡದಲ್ಲಿ ‘ಸೂಪಶಾಸ್ತ್ರ’ವನ್ನು ಬರೆದನು. ಕೇವಲ ಸಸ್ಯಾಹಾರಕ್ಕೆ ಮೀಸಲಾದ ಆ ಗ್ರಂಥದಲ್ಲಿ ಹಿಟ್ಟಿನ ಭಕ್ಷ್ಯಗಳಿವೆ, ಬದನೆಯ ಬಗೆಬಗೆಯ ಪಾಕಗಳಿವೆ. ಆದರೆ ಮೆಣಸಿನಕಾಯಿ ಇಲ್ಲ. ಇರುವುದಾದರೂ ಹೇಗೆ? ಪೋರ್ತುಗೀಜರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಅಮೇರಿಕಾ ಖಂಡದ ಆ ಕಾಯಿಯು ಅವರ ಹಡಗುಗಳಲ್ಲಿ ಬಂದು ಪಶ್ಚಿಮ ಕರಾವಳಿಯಲ್ಲಿ ಇಳಿದು, ಘಟ್ಟವನ್ನೇರಿ ಬಯಲುಸೀಮೆಗೆ ಹರಡಿದ್ದು ಅದರ ನಂತರದ ಮಾತು. ಗೋವೆಯ ಬೆನ್ನಿಗೇ ಇರುವ ನಮ್ಮ ಸೀಮೆಯು ಅದನ್ನು ಅಪ್ಪಿಕೊಂಡ ರೀತಿಯು ಆಶ್ಚರ್ಯಕರವಾದದ್ದು. ಮಂಗರಸನ ಕಾಲದ ಅಡಿಗೆಯಲ್ಲಿ ಖಾರವೆಂದರೆ ಕಾಳುಮೆಣಸು. ಅದು ಮಲೆನಾಡಿನಿಂದ ಹಣಕೊಟ್ಟು ತರಬೇಕಾದ ಸರಕು. ಹೊಸ ಕಾಯಿಯಾದರೋ ಹಿತ್ತಿಲಲ್ಲಿ ಬೆಳೆಯಿತು, ಬಡವನ ಹೊಲದಲ್ಲಿಯೂ ಬೆಳೆಯಿತು, ಬಿಸಿಲಿನಲ್ಲಿ ಒಣಗಿ ವರ್ಷವಿಡೀ ಉಳಿಯಿತು. ಅದೇ ಪೋರ್ತುಗೀಜರು 1543ರಲ್ಲಿ ಜಪಾನನ್ನು ಮುಟ್ಟಿ, ಮೀನು ಕಾಯಿಪಲ್ಯಗಳನ್ನು ಹಿಟ್ಟಿನಲ್ಲಿ ಅದ್ದಿ ಕರಿಯುವ ಪದ್ಧತಿಯನ್ನು ಅಲ್ಲಿಗೆ ಒಯ್ದರೆಂದೂ, ಜಪಾನೀಯರ ಟೆಂಪುರಾ ಅದರಿಂದಲೇ ಬೆಳೆಯಿತೆಂದೂ ಆಹಾರದ ಇತಿಹಾಸವನ್ನು ಬಲ್ಲವರು ಹೇಳುತ್ತಾರೆ. ಅವರಿಗೆ ಆ ಹಡಗುಗಳು ಕರಿಯುವ ವಿದ್ಯೆಯನ್ನು ಕೊಟ್ಟವು. ವಿದ್ಯೆಯು ಮೊದಲೇ ಇದ್ದ ನಮಗೆ ಕರಿಯಬೇಕಾದ ಕಾಯಿಯನ್ನು ಕೊಟ್ಟವು.

ಹಿಟ್ಟು ಮತ್ತು ಎಣ್ಣೆ ಮಾತ್ರ ಈ ನೆಲದವೇ. ಬಾದಾಮಿ, ಬಾಗಲಕೋಟೆ, ಹುನಗುಂದಗಳ ಎರೆಹೊಲಗಳು ಹಿಂಗಾರಿಗೆ ಹೆಸರಾದವು. ಮಳೆಗಾಲದ ಕೊನೆಯ ಹಸಿಯನ್ನು ಹೊಟ್ಟೆಯಲ್ಲಿ ಅಡಗಿಸಿಕೊಂಡ ಆ ಮಣ್ಣಿನಲ್ಲಿ ಬಿಳಿಜೋಳ, ಕಡಲೆ, ಕುಸುಬಿಗಳನ್ನು ಬಿತ್ತಿದರೆ, ಮುಂದೆ ಹನಿ ಬೀಳದಿದ್ದರೂ ಇಬ್ಬನಿ ಮತ್ತು ಒಳಹಸಿಗಳ ಬಲದಿಂದಲೇ ಅವು ಬೆಳೆಯುವುವು. ಕುಸುಬಿಯ ಗಿಡಕ್ಕೆ ಮೈತುಂಬ ಮುಳ್ಳು. ಆದುದರಿಂದ ಜೋಳದ ಹೊಲದ ಅಂಚಿಗೆ ಅದನ್ನು ಸಾಲಾಗಿ ಹಾಕಿ ದನಕರುಗಳು ನುಗ್ಗದಂತೆ ಬೇಲಿ ಮಾಡಿಕೊಳ್ಳುವ ರೂಢಿಯಿತ್ತು. ಬೇಲಿಯೂ ಆಗಿ ಎಣ್ಣೆಯೂ ಆಗುವ ಇಂಥ ಬೆಳೆಯನ್ನು ಆರಿಸಿಕೊಂಡ ರೈತನ ವಿವೇಕವನ್ನು ಎಷ್ಟು ಹೊಗಳಿದರೂ ಸಾಲದು. ಪುಷ್ಯದ ಹೊತ್ತಿಗೆ ಕಡಲೆಯು ಹಸಿರುಗಾಯಿಯಾಗಿ, ಜಾತ್ರೆಗೆ ಹೋಗುವ ಬಂಡಿಯ ಮಕ್ಕಳು ಸುಲಗಾಯಿಯನ್ನು ಬಿಡಿಸಿ ತಿನ್ನುತ್ತ ಕೂರುವರು; ಜೋಳವು ಹಾಲುಗಟ್ಟಿ ಸೀತನಿಗೆ ಬರುವುದು. ದೇವಿಯ ಜಾತ್ರೆಯು ಬರುವುದು ಹೀಗೆ ಹೊಲದಲ್ಲಿ ಫಲವು ಕಣ್ಣಿಗೆ ಕಾಣುತ್ತಿರುವ ಕಾಲದಲ್ಲಿ. ಕಳೆದ ಸುಗ್ಗಿಯ ಕಡಲೆಬೇಳೆಯೂ ಕುಸುಬಿ ಎಣ್ಣೆಯೂ ಇನ್ನೂ ಮನೆಯಲ್ಲಿ ಉಳಿದಿದ್ದು, ಹೊಸದು ಬರುವ ಭರವಸೆಯೂ ಮೂಡಿದಾಗ, ಒಕ್ಕಲಗಿತ್ತಿಯ ಕೈ ಸ್ವಲ್ಪ ಸಡಿಲವಾಗಿ ಬಾಣಲೆಯು ಒಲೆಯ ಮೇಲೇರುವುದು.

ಆ ಬಾಣಲೆಯ ಬಳಿ ಸ್ವಲ್ಪ ಹೊತ್ತು ಕುಳಿತುಕೊಳ್ಳೋಣ. ಕಡಲೆಬೇಳೆಯನ್ನು ಬಿಸಿಲಿಗೆ ಹರವಿ ಬೀಸಿ, ಜರಡಿಯಾಡಿಸಿದ ಹಿಟ್ಟು; ಅದಕ್ಕೆ ಒಂದು ಹಿಡಿ ಅಕ್ಕಿಹಿಟ್ಟು, ಉಪ್ಪು, ಅಂಗೈಯಲ್ಲಿ ತಿಕ್ಕಿ ಹಾಕಿದ ಅಜವಾನ, ಚಿಟಿಕೆ ಸೋಡಾ. ನೀರನ್ನು ಒಮ್ಮೆಲೇ ಸುರಿಯದೆ, ಸ್ವಲ್ಪ ಸ್ವಲ್ಪವಾಗಿ ಹಾಕುತ್ತ, ಗಂಟಿಲ್ಲದಂತೆ ಒಂದೇ ದಿಕ್ಕಿಗೆ ಕಲಸಿದ ಹಿಟ್ಟು ಬೆರಳನ್ನು ಎತ್ತಿದರೆ ಜಾರಿ ಬೀಳಬೇಕು, ಆದರೆ ಬೆರಳ ಮೇಲೆ ಹೊದಿಕೆಯಾಗಿ ಉಳಿಯಲೂ ಬೇಕು. ತಿಳಿಹಸಿರು ಬಣ್ಣದ, ಉದ್ದನೆಯ, ಖಾರ ಕಡಿಮೆಯಿರುವ ಮೆಣಸಿನಕಾಯಿಯ ತೊಟ್ಟನ್ನು ಬಿಟ್ಟು ಹೊಟ್ಟೆಯನ್ನು ಮಾತ್ರ ಸೀಳಿ, ಕುಟ್ಟಿದ ಜೀರಿಗೆ ಉಪ್ಪುಗಳನ್ನು ಹುಣಿಸೆಹುಳಿಯೊಡನೆ ಒಳಗೆ ಸವರಿಡುವರು. ಎಳೆಯ ಸೊಸೆಯು ಅವಸರದಿಂದ ಕಾಯಿಯನ್ನು ಅದ್ದಲು ಹೋದಾಗ, ಒಲೆಯ ಮುಂದೆ ಕುಳಿತ ಅತ್ತೆಯು, “ತಡಿ ಯವ್ವಾ, ಎಣ್ಣಿ ಇನ್ನೂ ಹಸಿ ಐತಿ, ಚಲೋ ಕಾಯ್ಲಿ” ಎಂದು ತಡೆದು, ಹಿಟ್ಟಿನ ಒಂದು ಹನಿಯನ್ನು ಎಣ್ಣೆಗೆ ಬಿಡುವಳು. ಹನಿಯು ತಳಕ್ಕೆ ಹೋಗಿ ಕುಳಿತರೆ ಎಣ್ಣೆ ಹಸಿ. ಬಿದ್ದೊಡನೆ ಕಪ್ಪಾದರೆ ಅತಿಯಾಗಿ ಕಾದಿದೆ. ಅರ್ಧಕ್ಕೆ ಮುಳುಗಿ ನೊರೆಯೊಡನೆ ಮೇಲೆದ್ದು ಬಂದರೆ ಸರಿ. ಅದೇ ಕಾದ ಎಣ್ಣೆಯ ಒಂದು ಸೌಟನ್ನು ಕಲಸಿದ ಹಿಟ್ಟಿಗೆ ಚುರ್ರೆನಿಸಿ ಸುರಿದು ಕೈಯಾಡಿಸಿದ ಮೇಲೆಯೇ ಕಾಯಿ ಅದ್ದುವುದು. ತೊಟ್ಟನ್ನು ಹಿಡಿದು, ಹಿಟ್ಟಿನಲ್ಲಿ ಹೊರಳಿಸಿ, ಬಟ್ಟಲಿನ ಅಂಚಿಗೆ ಒಂದು ಬದಿಯನ್ನು ಒರೆಸಿ, ಎಣ್ಣೆಗೆ ಬಾಣಲೆಯ ಅಂಚಿನಿಂದ ಮೆಲ್ಲನೆ ಜಾರಿಸುವರು. ಒರೆಸಿದ ಬದಿಯಲ್ಲಿ ಹಿಟ್ಟು ತೆಳ್ಳಗಾಗಿ ಕಾಯಿ ಬೇಗ ಬೇಯುವುದು. ಉಳಿದ ಬದಿಯು ಉಬ್ಬಿ ಹೊಂಬಣ್ಣಕ್ಕೆ ತಿರುಗುವುದು. ನೊರೆಯ ಸದ್ದು ಕ್ರಮೇಣ ಇಳಿದು ಸಣ್ಣದಾದಾಗ ಒಳಗಿನ ನೀರು ಹೋಗಿದೆಯೆಂದು ತಿಳಿದು ಜಾಲರಿ ಸೌಟಿನಿಂದ ಎತ್ತುವರು. ಕಣ್ಣಿಗಿಂತ ಕಿವಿಯನ್ನು ಹೆಚ್ಚಾಗಿ ನಂಬುವ ಈ ಪಾಕಕ್ಕೆ ಗಡಿಯಾರವು ಎಂದೂ ಬೇಕಾಗಿಲ್ಲ. ಜೊತೆಗೆ ಚುರುಮುರಿ, ಹಸಿ ಉಳ್ಳಾಗಡ್ಡಿ ಇದ್ದರಾಯಿತು.

ಕಾಯಿಪಲ್ಯದ ಮಾತು ಹೀಗಾದರೆ, ಮಾಂಸವನ್ನು ಕೆಡದಂತೆ ಇಟ್ಟುಕೊಂಡು ಬೇಕಾದಾಗ ಕರಿದು ತಿನ್ನುವ ಪದ್ಧತಿಗೂ ಇಲ್ಲಿ ತನ್ನದೇ ಚರಿತ್ರೆಯಿದೆ. ಅದನ್ನು ಹೇಳುವ ಮೊದಲು ಹೊರನಾಡಿನ ದಾರಿಯನ್ನು ನೋಡೋಣ. ಫ್ರಾನ್ಸಿನ ನಿಕೊಲಾ ಅಪೇರನು ಆಹಾರವನ್ನು ಗಾಜಿನ ಸೀಸೆಗಳಲ್ಲಿ ಮುಚ್ಚಿ ಕುದಿಸಿ ಕಾಪಾಡುವ ತನ್ನ ವಿಧಾನವನ್ನು 1810ರಲ್ಲಿ ಪ್ರಕಟಿಸಿದನು. ಅದೇ ವರ್ಷ ಇಂಗ್ಲೆಂಡಿನಲ್ಲಿ ತಗಡಿನ ಡಬ್ಬಿಗೆ ಹಕ್ಕುಪತ್ರ ದೊರೆಯಿತು. ಸೈನ್ಯಗಳಿಗಾಗಿ ಹುಟ್ಟಿದ ಈ ವಿದ್ಯೆಯು ಮನೆಗಳಿಗೆ ಇಳಿದದ್ದು ಮುಂದೆ. 1937ರಲ್ಲಿ ಅಮೇರಿಕೆಯ ಹಾರ್ಮೆಲ್ ಕಂಪನಿಯು ಸ್ಪ್ಯಾಮ್ ಎಂಬ ಡಬ್ಬಿಯ ಹಂದಿಮಾಂಸವನ್ನು ಮಾರುಕಟ್ಟೆಗೆ ತಂದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಪಡಿತರದಿಂದ ಹಸಿಮಾಂಸವು ದುರ್ಲಭವಾಗಿದ್ದ ಇಂಗ್ಲೆಂಡಿನ ಗೃಹಿಣಿಯರು ಅದನ್ನು ಹೋಳು ಮಾಡಿ, ಹಿಟ್ಟಿನಲ್ಲಿ ಅದ್ದಿ, ಕರಿದು ಮಕ್ಕಳಿಗೆ ಬಡಿಸಿದರು. ಕೊರತೆಯ ದಿನಗಳಲ್ಲಿ ಹಿಟ್ಟಿನ ಹೊದಿಕೆಯು ಇದ್ದಷ್ಟನ್ನು ಹೆಚ್ಚಾಗಿಸುವುದು, ಸಪ್ಪೆಯನ್ನು ಸವಿಯಾಗಿಸುವುದು. ಈ ಸತ್ಯವನ್ನು ಕಂಡುಕೊಳ್ಳಲು ಲಂಡನ್ನಿನ ತಾಯಿಗೂ ಬಾದಾಮಿಯ ತಾಯಿಗೂ ಒಬ್ಬರ ನೆರವು ಇನ್ನೊಬ್ಬರಿಗೆ ಬೇಕಾಗಲಿಲ್ಲ.

ನಮ್ಮ ಸೀಮೆಯ ಅಡಿಗೆಮನೆಗೆ ಡಬ್ಬಿಯ ಮಾಂಸವು ಬರಲೇ ಇಲ್ಲ. ಬೆಲೆಯೂ ಆಚಾರವೂ ಅದಕ್ಕೆ ಅಡ್ಡವಾದುವು. ಅದಕ್ಕಿಂತ ಮಿಗಿಲಾಗಿ, ವರ್ಷದ ಬಹುಭಾಗ ನಿರಭ್ರವಾಗಿರುವ ಇಲ್ಲಿಯ ಆಕಾಶವೇ ಡಬ್ಬಿಯ ಕೆಲಸವನ್ನು ಮಾಡುತ್ತಿತ್ತು. ಮಾಂಸವನ್ನು ಉದ್ದುದ್ದ ಸೀಳಿ, ಉಪ್ಪು ಅರಿಸಿನಗಳನ್ನು ಸವರಿ, ಹಗ್ಗಕ್ಕೆ ಹಾಕಿ ಬಿಸಿಲಿಗೆ ಒಣಗಿಸಿದ ಖಂಡವು ಮಾಂಸಾಹಾರಿಗಳ ಮನೆಯಲ್ಲಿ ತಿಂಗಳುಗಟ್ಟಲೆ ಇರುತ್ತಿತ್ತು. ಬೇಕಾದಾಗ ಕುಟ್ಟಿ ಮೆತ್ತಗೆ ಮಾಡಿ ಎಣ್ಣೆಯಲ್ಲಿ ಹುರಿದರೆ ರೊಟ್ಟಿಗೆ ಸಾಕು. ಶಾಕಾಹಾರಿಗಳ ಮನೆಯಲ್ಲಿ ಅದೇ ಮಾಳಿಗೆಯ ಮೇಲೆ ಹಪ್ಪಳ, ಸಂಡಿಗೆ, ಮಜ್ಜಿಗೆಯಲ್ಲಿ ನೆನೆದ ಬಾಳಕದ ಮೆಣಸಿನಕಾಯಿ. ಒಣಗಿಸುವುದು ಬೇಸಿಗೆಯ ಕೆಲಸ, ಕರಿಯುವುದು ಮಳೆಗಾಲದ ಸುಖ. ಡಬ್ಬಿಯಲ್ಲಿ ಆಹಾರವನ್ನು ಕಾಯುವ ವಿದ್ಯೆಯು ಕರ್ನಾಟಕಕ್ಕೆ ಬಂದಾಗಲೂ ಅದು ಮೈಸೂರಿನಲ್ಲಿ, ಪ್ರಯೋಗಶಾಲೆಯ ರೂಪದಲ್ಲಿ ನೆಲೆಯೂರಿತು: 1950ರಲ್ಲಿ ಚೆಲುವಾಂಬ ವಿಲಾಸದಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಆರಂಭವಾಯಿತು, 1961ರಲ್ಲಿ ಸೈನಿಕರ ಆಹಾರಕ್ಕಾಗಿಯೇ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವು ಸ್ಥಾಪಿತವಾಯಿತು. ಬನಶಂಕರಿಯ ಸುತ್ತಲಿನ ಮನೆಗಳಿಗೆ ಬಂದ ಡಬ್ಬಿ ಬೇರೆಯದು. ಸ್ಪ್ಯಾಮ್ ಹುಟ್ಟಿದ 1937ರಲ್ಲಿಯೇ ಈ ದೇಶದಲ್ಲಿ ಡಾಲ್ಡಾ ಹುಟ್ಟಿತು. ತಾಳೆಮರದ ಚಿತ್ರವಿದ್ದ ಆ ಹಳದಿ ಡಬ್ಬಿಯು ತುಪ್ಪವಿಲ್ಲದ ಮನೆಗೂ ಕರಿಯುವ ಕೊಬ್ಬನ್ನು ತಂದಿತು. ಒಳಗಿನದು ಮುಗಿದ ಮೇಲೆ ಬೇಳೆಯ ಡಬ್ಬಿಯಾಗಿ, ತುಳಸಿಯ ಕುಂಡವಾಗಿ ದಶಕಗಳವರೆಗೆ ಬಾಳಿತು.

ಮಾಂಸವನ್ನು ಹಿಟ್ಟಿನೊಡನೆ ಕೂಡಿಸಿ ಕರಿಯುವ ಮನೆಯ ಪಾಕವನ್ನು ಈ ಭಾಗದಲ್ಲಿ ಅರಸುವವರು ಹೋಗಬೇಕಾದುದು ನೇಕಾರರ ಓಣಿಗಳಿಗೆ. ಬನಶಂಕರಿಯು ದೇವಾಂಗ ನೇಕಾರರಿಗೆ ಕುಲದೇವತೆ. ಇನ್ನೊಂದು ನೇಕಾರ ಸಮುದಾಯವಾದ ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯರು, ಜನರ ಬಾಯಲ್ಲಿ ಸಾವಜಿಯವರು, ತಮ್ಮ ಖಾರದ ಮಟನ್ ಅಡಿಗೆಯಿಂದ ಗದಗ-ಬೆಟಗೇರಿಯಲ್ಲಿಯೂ ಹುಬ್ಬಳ್ಳಿಯಲ್ಲಿಯೂ ಸಾವಜಿ ಖಾನಾವಳಿಗಳೆಂಬ ಒಂದು ಸಂಸ್ಥೆಯನ್ನೇ ಕಟ್ಟಿದರು. ಅವರ ಖೀಮಾ ಉಂಡೆಯಲ್ಲಿ ಸಣ್ಣಗೆ ಕೊಚ್ಚಿದ ಮಾಂಸಕ್ಕೆ ಹಸಿಖಾರ, ಶುಂಠಿ, ಬಳ್ಳೊಳ್ಳಿ, ಕೊತ್ತಂಬರಿಗಳೊಡನೆ ಪುಟಾಣಿ ಹಿಟ್ಟನ್ನು ಬೆರೆಸಿ, ಉಂಡೆ ಕಟ್ಟಿ ಎಣ್ಣೆಯಲ್ಲಿ ಬಿಡುವರು. ಇಲ್ಲಿ ಹಿಟ್ಟು ಹೊರಗಿನ ಕವಚವಾಗಿ ನಿಲ್ಲದೆ ಒಳಗೇ ಸೇರಿ ಮಾಂಸವನ್ನು ಹಿಡಿದು ನಿಲ್ಲಿಸುವುದು. ಹೊರಮೈ ಗರಿಯಾದರೂ ಒಳಗು ಮೆತ್ತಗೆ ಉಳಿಯುವುದು. ಹಗಲೆಲ್ಲ ಮಗ್ಗದ ಕುಣಿಯಲ್ಲಿ ಕಾಲಾಡಿಸಿ ದಣಿದವನಿಗೆ ಇದಕ್ಕಿಂತ ಯೋಗ್ಯವಾದ ಊಟವಿಲ್ಲವೆಂದು ನಾನು ಭಾವಿಸುವೆನು. ಇತ್ತೀಚೆಗೆ ಬಂದ, ಮೊಟ್ಟೆ ಕಾರ್ನ್‌ಫ್ಲೋರುಗಳಲ್ಲಿ ಹೊರಳಿಸಿ ಕೆಂಪಗೆ ಕರಿಯುವ ಕೋಳಿಯ ಕಬಾಬು ರುಚಿಯೇನೋ ಹೌದು. ಖೀಮಾ ಉಂಡೆಯ ಗಾಂಭೀರ್ಯವು ಅದಕ್ಕೆ ಬರಲಾರದು.

ಅರಮನೆಯ ಭೋಗವು ಬೀದಿಯ ತಿನಿಸಾದದ್ದಕ್ಕೆ ಕೊನೆಯ ಕಾರಣಗಳು 19ನೆಯ ಶತಮಾನದ ಉತ್ತರಾರ್ಧದಲ್ಲಿ ಒದಗಿದುವು. 1876-78ರ ಘೋರ ಕ್ಷಾಮವು, ಆಗ ಕಲಾದಗಿ ಜಿಲ್ಲೆಯೆಂದು ಕರೆಯಲ್ಪಡುತ್ತಿದ್ದ ಈ ಪ್ರದೇಶವನ್ನು ನುಚ್ಚುನೂರು ಮಾಡಿತು. ಇನ್ನೊಮ್ಮೆ ಬರ ಬಂದರೆ ಧಾನ್ಯವನ್ನು ಸಾಗಿಸಲು ದಾರಿಯಿರಬೇಕೆಂಬ ಉದ್ದೇಶವೂ ಸೇರಿ, 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯು ಗದಗದಿಂದ ಬಾದಾಮಿ, ಬಾಗಲಕೋಟೆ, ವಿಜಾಪುರಗಳ ಮೇಲೆ ಹೊಟಗಿಯವರೆಗೆ ಹಳಿಯನ್ನು ಹಾಕಿತು. ಬರದ ಧಾನ್ಯಕ್ಕಾಗಿ ಬಂದ ಉಗಿಬಂಡಿಯು ಜಾತ್ರೆಯ ಜನವನ್ನೂ ತಂದಿತು. ದಕ್ಷಿಣ ಅಮೇರಿಕಾ ಮೂಲದ ಇನ್ನೊಂದು ಬೆಳೆಯಾದ ಶೇಂಗಾ ಆ ಕಾಲದಿಂದಾಚೆಗೆ ಮಸಾರಿ ಹೊಲಗಳನ್ನು ವೇಗವಾಗಿ ಆಕ್ರಮಿಸಿತು. ಎತ್ತಿನ ಗಾಣದ ಜಾಗಕ್ಕೆ ಯಂತ್ರದ ಗಿರಣಿಗಳು ಬಂದು, ಎಣ್ಣೆಯು ಸೊಲ್ಲಗೆಯ ಲೆಕ್ಕವನ್ನು ಬಿಟ್ಟು ಡಬ್ಬಿಯ ಲೆಕ್ಕಕ್ಕೆ ಬಂದಿತು. ಎಣ್ಣೆಯು ಅಗ್ಗವಾದ ದಿನವೇ ಬಾಣಲೆಯು ಮನೆಯಿಂದ ಹೊರಗೆ ಕಾಲಿಟ್ಟಿತು.

ಜಾತ್ರೆಯಲ್ಲಿ ಅದು ಎರಡು ಬಗೆಯ ಅಡಿಗೆಯ ನಡುವೆ ನೆಲೆಯನ್ನು ಕಂಡುಕೊಂಡಿತು. ಗುಡಿಯ ಸುತ್ತ, ತಲೆಯ ಮೇಲಿನ ಬುಟ್ಟಿಯನ್ನಿಳಿಸಿ, “ಉಣ್ಣು ಬಾರೋ ಯಪ್ಪಾ” ಎಂದು ಕರೆದು ಜೋಳದ ರೊಟ್ಟಿ, ಕೆಂಪುಖಾರ, ಶೇಂಗಾ ಹಿಂಡಿ, ಬದನೆಯ ಎಣಗಾಯಿ, ಸಣ್ಣ ಮಡಿಕೆಯ ಗಟ್ಟಿ ಮೊಸರುಗಳನ್ನು ಬಡಿಸುವ ಸುತ್ತಲಿನ ಹಳ್ಳಿಗಳ ತಾಯಂದಿರು ಹಗಲಿನ ಹಸಿವನ್ನು ನೋಡಿಕೊಂಡರು. ಆ ಪದ್ಧತಿಯು ಇಂದಿಗೂ ಜೀವಂತವಾಗಿದೆ, ಅದನ್ನು ಮೀರಿಸುವ ಊಟವನ್ನು ನಾನು ಯಾವ ಕ್ಷೇತ್ರದಲ್ಲಿಯೂ ಕಾಣೆ. ರಾತ್ರಿಯ ಹಸಿವು ಬಾಣಲೆಯ ಪಾಲಿಗೆ ಬಂದಿತು. ತೇರು ಮುಗಿದ ಮೇಲೂ ವಾರಗಟ್ಟಲೆ ಡೇರೆ ಹೊಡೆದು ನಿಲ್ಲುವ ನಾಟಕ ಕಂಪನಿಗಳು, ಬಾಗಿಲು ಚೌಕಟ್ಟುಗಳನ್ನು ಮಾರುವ ಬಡಿಗರು, ಹೋರಿ ಕೊಳ್ಳಲು ಬಂದ ರೈತರು ನಡುರಾತ್ರಿಯ ಚಳಿಯಲ್ಲಿ ಬಿಸಿಯಾದುದನ್ನು ಬೇಡುವರು. ರೊಟ್ಟಿಯನ್ನು ಮನೆಯಿಂದ ತರಬಹುದು. ಭಜಿಯು ಎಣ್ಣೆಯಿಂದೆದ್ದ ಕ್ಷಣದಲ್ಲಿಯೇ ತಿನ್ನತಕ್ಕ ವಸ್ತುವಾದುದರಿಂದ ಅದನ್ನು ಕರಿಯುವವನು ಅಲ್ಲಿಯೇ ಇರಬೇಕು. ನಾಟಕದ ಒಂದಂಕ ಮುಗಿದು ಪರದೆ ಬಿದ್ದಾಗ ಡೇರೆಯಿಂದ ಹೊರಬಂದ ಜನವನ್ನು ನಂಬಿ ಬದುಕಿದ ಅಂಗಡಿಕಾರರು ಎಷ್ಟೋ ಮಂದಿ.

1970ರ ದಶಕದಿಂದೀಚೆಗೆ ಸೂರ್ಯಕಾಂತಿಯು ಬಂದು ಎರೆಹೊಲಗಳನ್ನು ಹಳದಿಯಾಗಿಸಿತು. ಅದರ ಬೆನ್ನಿಗೆ ಪಾಕೀಟಿನ ರಿಫೈಂಡ್ ಎಣ್ಣೆ, ಹೊರದೇಶದ ತಾಳೆಎಣ್ಣೆಗಳು ಬಂದುವು. ಕುಸುಬಿಯನ್ನು ಕೊಯ್ಯುವಾಗ ಮುಳ್ಳು ಚುಚ್ಚುವುದು, ಕೂಲಿಯಾಳು ಸಿಗುವುದಿಲ್ಲ, ಬೆಲೆಯೂ ನಿಲ್ಲುವುದಿಲ್ಲವೆಂದು ರೈತರು ಅದನ್ನು ಒಂದೊಂದು ಸಾಲಾಗಿ ಬಿಡುತ್ತ ಬಂದರು. ಜೋಳದ ಅಂಚಿನ ಆ ಮುಳ್ಳುಬೇಲಿಯು ಇಂದು ಕೆಲವೇ ಹೊಲಗಳಲ್ಲಿ ಉಳಿದಿದೆ. ಹೀಗಿರಲು, ವಿದ್ಯುತ್ತಿನಿಂದ ತಿರುಗುವ ಮರದ ಗಾಣಗಳು ಉತ್ತರ ಕರ್ನಾಟಕದ ಪಟ್ಟಣಗಳಲ್ಲಿ ಮತ್ತೆ ತಲೆಯೆತ್ತಿರುವುದು ಸಂತೋಷದ ಸಂಗತಿ. ಅಲ್ಲಿ ಕುಸುಬಿ ಎಣ್ಣೆಯ ಬೆಲೆಯು ಪಾಕೀಟಿನದಕ್ಕಿಂತ ಬಹಳ ಹೆಚ್ಚು. ಭಜಿಯ ಬಂಡಿಯವನಿಗೆ ಅದು ನಿಲುಕದು. ಮನೆಯಲ್ಲಿ ಹಬ್ಬದ ದಿನ ಒಂದು ಪಾವು ತಂದು ಮೆಣಸಿನಕಾಯಿ ಕರಿಯುವವರು ಈಗಲೂ ಇದ್ದಾರೆ.